ಅಟ್ಟದಿಂದ ಇಳಿದ ಗಾಲ್ಫ್ ಬ್ಯಾಗು

ಮಕ್ಕಳ ಶಾಲೆ, ಮನೆಯ ಸಾಲ, ಊರು ಬದಲು, ಬೆನ್ನುನೋವು... ಗಾಲ್ಫ್ ಬಿಡಲು ಕಾರಣ ನೂರು. ಹತ್ತು ಹದಿನೈದು ವರ್ಷ ಕಳೆದು ಮತ್ತೆ ಕ್ಲಬ್ ಹಿಡಿದರೆ ಕೈಗೆ ಏನು ನೆನಪಿರುತ್ತದೆ? ಏನು ಮರೆತಿರುತ್ತದೆ? ಹಳೆಯ ಆಟವನ್ನು ಹುಡುಕಬೇಕೋ, ಹೊಸದನ್ನೇ ಕಟ್ಟಬೇಕೋ?

ಮಳೆ ಹಿಂದೆ ಸರಿದ ಮೇಲಿನ ಬೆಂಗಳೂರಿನ ಬೆಳಗು. ಡ್ರೈವಿಂಗ್ ರೇಂಜಿನ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಐವತ್ತು ದಾಟಿದವರೊಬ್ಬರು ಕಾರಿನ ಡಿಕ್ಕಿಯಿಂದ ಬ್ಯಾಗು ಇಳಿಸುತ್ತಾರೆ. ಜಿಪ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಒಳಗಿದ್ದ ಕೈಗವಸು ಒಣಗಿ ಹಪ್ಪಳವಾಗಿದೆ. ಕ್ಲಬ್‌ಗಳ ರಬ್ಬರ್ ಗ್ರಿಪ್ ಗಟ್ಟಿಯಾಗಿ ಜಾರುತ್ತದೆ. ಪಕ್ಕದ ಜೇಬಿನಲ್ಲಿ ಯಾವುದೋ ಕಂಪನಿ ಟೂರ್ನಿಯಲ್ಲಿ ಕೊಟ್ಟ ಚೆಂಡು. ಆ ಕಂಪನಿಯೇ ಈಗ ಇಲ್ಲ.

ಏಳನೇ ನಂಬರಿನ ಐರನ್ ಎತ್ತಿಕೊಂಡು, ಗಾಳಿಯಲ್ಲಿ ಒಂದೆರಡು ಸಲ ಬೀಸಿ, ಚೆಂಡಿನ ಮುಂದೆ ನಿಲ್ಲುತ್ತಾರೆ. ಟಪ್ ಎಂಬ ಶುದ್ಧ ಸದ್ದು. ಚೆಂಡು ನೆಟ್ಟಗೆ ಮೇಲೇರಿ ದೂರದ ಫಲಕದ ಹತ್ತಿರ ಮೆತ್ತಗೆ ಇಳಿಯುತ್ತದೆ. ಪಕ್ಕದಲ್ಲಿ ಕೋಚ್ ಹತ್ತಿರ ಕಲಿಯುತ್ತಿದ್ದ ಹುಡುಗಿ ತಿರುಗಿ ನೋಡುತ್ತಾಳೆ.

ಎರಡನೇ ಚೆಂಡು ನೆಲ ಬಿಟ್ಟು ಏಳುವುದೇ ಇಲ್ಲ. ಮೂರನೆಯದು ಬಲಕ್ಕೆ ಸಿಡಿದು ಬಲೆಗೆ ಬಡಿಯುತ್ತದೆ. ನಾಲ್ಕನೆಯದರಲ್ಲಿ ಚೆಂಡಿಗಿಂತ ಹುಲ್ಲಿನ ಹೆಂಟೆಯೇ ದೂರ ಹಾರುತ್ತದೆ. ಬಕೆಟ್ ಖಾಲಿಯಾಗುವ ಹೊತ್ತಿಗೆ ಅಂಗಿ ಬೆನ್ನಿಗಂಟಿದೆ. ಮೊದಲ ಚೆಂಡಿನಂಥದ್ದು ಇನ್ನೊಂದು ಬಂದಿಲ್ಲ.

ಗಾಲ್ಫ್‌ಗೆ ಮರಳಿದವರನ್ನು ಕೇಳಿ ನೋಡಿ, ಎಷ್ಟೋ ಜನ ಇದೇ ಕಥೆ ಹೇಳುತ್ತಾರೆ. ಮೊದಲನೆಯದು ಚೆನ್ನಾಗಿಯೇ ಹೋಯಿತು, ಆಮೇಲೆ ಏನಾಯಿತೋ ಗೊತ್ತಿಲ್ಲ. ಆ ಮೊದಲ ಚೆಂಡು ಎಲ್ಲಿಂದ ಬಂತು, ಎರಡನೆಯದು ಯಾಕೆ ಕೆಟ್ಟಿತು? ಮರಳುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು.

ಮರೆತದ್ದು ಸ್ವಿಂಗ್ ಅಲ್ಲ

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿ ಮಾಡಿಕೊಂಡು, ತಾನೇ ಬಾಯಿಪಾಠ ಮಾಡಿ, ಮರೆಯಲು ಬಿಟ್ಟು, ಮತ್ತೆ ಕಲಿಯುತ್ತಿದ್ದ. 1885ರಲ್ಲಿ ಪ್ರಕಟವಾದ ಅವನ ಪುಸ್ತಕದ ಒಂದು ಮುಖ್ಯ ಮಾತು ಇದು: ಪೂರ್ತಿ ಮರೆತಂತೆ ಕಂಡರೂ ಎರಡನೇ ಸಲ ಕಲಿಯಲು ಮೊದಲಿನಷ್ಟು ಹೊತ್ತು ಬೇಡ. ಎಲ್ಲೋ ಒಂದು ಉಳಿತಾಯ ಇದ್ದೇ ಇರುತ್ತದೆ. ಮೈಗೆ ಹತ್ತಿದ ವಿದ್ಯೆಯಲ್ಲಿ ಈ ಉಳಿತಾಯ ಇನ್ನೂ ದೊಡ್ಡದು. ಈಜು, ಸೈಕಲ್ಲು ಬಿಟ್ಟು ಎಷ್ಟೋ ವರ್ಷವಾದವರೂ ಮತ್ತೆ ಶುರುಮಾಡುವುದು ಅದರ ಬಲದಿಂದಲೇ. ಗಾಲ್ಫ್ ಸ್ವಿಂಗ್ ಕೂಡ ಆ ಸಾಲಿನದು.

ಹಾಗಾದರೆ ಹೋದದ್ದೇನು? ಅಳತೆ.

ಹವ್ಯಾಸಿ ಆಟಗಾರ ಡ್ರೈವರ್ ಬೀಸಿದಾಗಲೂ ಕ್ಲಬ್ಬಿನ ತಲೆ ಗಂಟೆಗೆ 140 ಕಿ.ಮೀ. ವೇಗದ ಆಸುಪಾಸಿನಲ್ಲಿರುತ್ತದೆ. ಚೆಂಡಿನ ವ್ಯಾಸ 42.67 ಮಿ.ಮೀ. ಎರಡೂ ಮುಟ್ಟಿಕೊಂಡಿರುವ ಹೊತ್ತು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು. ಕ್ಲಬ್ ಅರ್ಧ ಅಂಗುಲ ಮೊದಲೇ ನೆಲ ಮುಟ್ಟಿದರೂ ಹೊಡೆತ ಕೆಟ್ಟಂತೆ. ಸೈಕಲ್ ತುಳಿಯುವಾಗ ಇಷ್ಟು ಕಟ್ಟುನಿಟ್ಟು ಯಾರೂ ಕೇಳುವುದಿಲ್ಲ. ಮೈಗೆ ಹಾಡು ನೆನಪಿದೆ, ಶ್ರುತಿ ಮಾತ್ರ ಇಳಿದಿದೆ. ಶ್ರುತಿ ಸರಿಮಾಡುವ ಬದಲು ನಮ್ಮ ಗಾಲ್ಫಿಗ ಹಾಡನ್ನೇ ಬದಲಿಸಲು ಹೊರಡುತ್ತಾನೆ. ಯೂಟ್ಯೂಬ್ ತೆರೆಯುತ್ತಾನೆ. ಅಲ್ಲಿ ಒಬ್ಬ ಮೊಣಕೈ ಒಳಗಿಡಿ ಎಂದರೆ ಇನ್ನೊಬ್ಬ ಸೊಂಟ ಮೊದಲು ತಿರುಗಿಸಿ ಅನ್ನುತ್ತಾನೆ. ಎರಡನೇ ಚೆಂಡು ಕೆಡುವುದು ಇಲ್ಲೇ.

ಇದು ಬರೀ ಅನುಭವದ ಮಾತಲ್ಲ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಗಾಲ್ಫ್ ಆಡಿಯೇ ಗೊತ್ತಿಲ್ಲದವರಿಗೆ ಸಣ್ಣ ಪಿಚ್ ಹೊಡೆತ ಕಲಿಸಿದರು. ಒಂದು ಗುಂಪಿಗೆ ತೋಳು ಹೇಗೆ ಬೀಸುತ್ತಿದೆ ಎಂಬುದರ ಮೇಲೆ ಗಮನ ಇಡಲು ಹೇಳಿದರು. ಇನ್ನೊಂದು ಗುಂಪಿಗೆ ಕ್ಲಬ್ಬಿನ ತಲೆ ಹೇಗೆ ತೂಗುತ್ತಿದೆ ಎಂಬುದರ ಮೇಲೆ. ಕ್ಲಬ್ಬಿನ ಮೇಲೆ ಕಣ್ಣಿಟ್ಟವರೇ ಗುರಿಗೆ ಹತ್ತಿರ ಹೊಡೆದರು. ಗಮನ ಮೈಯೊಳಗೆ ಇಳಿದಷ್ಟೂ ಮೈ ಬಿಗಿಯುತ್ತದೆ. ಹೊರಗೆ ಹೋದಷ್ಟೂ ಸಡಿಲ. ಹತ್ತು ವರ್ಷದ ಮೇಲೆ ಹೊಡೆದ ಮೊದಲ ಚೆಂಡಿನ ಹಿಂದೆ ಯೋಚನೆ ಇರಲಿಲ್ಲ, ನಿರೀಕ್ಷೆಯೂ ಇರಲಿಲ್ಲ. ಎರಡನೆಯದರ ಹೊತ್ತಿಗೆ ಎರಡೂ ಬಂದು ಕೂತಿದ್ದವು.

ನಮ್ಮ ಮೈದಾನಗಳ ಹಳೇ ಕ್ಯಾಡಿಗಳಿಗೆ ಈ ಸಂಶೋಧನೆ ಓದಿ ಆಗಬೇಕಾದ್ದೇನೂ ಇಲ್ಲ. "ಸರ್, ಕೈ ಬಿಟ್ಬಿಡಿ. ಆ ಮರ ನೋಡಿ, ಅದರ ಕಡೆಗೆ ಹೊಡೀರಿ, ಜೋರು ಬೇಡ" ಅನ್ನುವುದರಲ್ಲೇ ಅವರ ಪಾಠ ಮುಗಿಯುತ್ತದೆ.

ಬಾಕ್ಸ್: ನೀವಿಲ್ಲದಾಗ ಬದಲಾದ ನಿಯಮಗಳು

*2019ರಲ್ಲಿ ಗಾಲ್ಫ್ ನಿಯಮಗಳು ದೊಡ್ಡ ಮಟ್ಟದಲ್ಲಿ ಪರಿಷ್ಕೃತವಾದವು. ಕಳೆದ ಚೆಂಡನ್ನು ಹುಡುಕಲು ಮೊದಲು 5 ನಿಮಿಷ ಇತ್ತು, ಈಗ 3. ಚೆಂಡು ಡ್ರಾಪ್ ಮಾಡುವುದು ಭುಜದ ಎತ್ತರದಿಂದಲ್ಲ, ಮೊಣಕಾಲಿನ ಎತ್ತರದಿಂದ. ಗ್ರೀನ್ ಮೇಲೆ ಪಟ್ ಮಾಡುವಾಗ ಬಾವುಟ ತೆಗೆಯಲೇಬೇಕೆಂದಿಲ್ಲ, ಚೆಂಡು ತಗುಲಿದರೂ ದಂಡವಿಲ್ಲ. ಒಂದೇ ಬೀಸಿನಲ್ಲಿ ಕ್ಲಬ್ ಎರಡು ಸಲ ಆಕಸ್ಮಿಕವಾಗಿ ತಾಗಿದರೆ ಲೆಕ್ಕ ಒಂದೇ ಹೊಡೆತ. ಬಂಕರಿನಲ್ಲಿ ಬಿದ್ದಿರುವ ಎಲೆ, ಕಲ್ಲು ಎತ್ತಿ ಹಾಕಬಹುದು. ಶೂ ಮುಳ್ಳು ಗ್ರೀನ್ ಮೇಲೆ ಮಾಡಿದ ಗುರುತನ್ನು ಒತ್ತಿ ಸರಿಮಾಡಬಹುದು. ಬದಲಾಗದ್ದೂ ಇದೆ: ಬ್ಯಾಗಿನಲ್ಲಿ 14 ಕ್ಲಬ್, 108 ಮಿ.ಮೀ. ಅಗಲದ ಕುಳಿ.*

ಹೆಸರಿಗೆ ಏಳು, ಒಳಗೆ ಐದು

ನಿಯಮಕ್ಕಿಂತ ಹೆಚ್ಚು ಗಲಿಬಿಲಿ ಮಾಡುವುದು ಅಂಗಡಿ. ಹಳೆಯ ಏಳನೇ ಐರನ್ನಿನ ಮುಖ 36 ಡಿಗ್ರಿಯ ಆಸುಪಾಸು ಓರೆಯಾಗಿರುತ್ತಿತ್ತು. ಇಂದಿನ ಹಲವು ಸೆಟ್‌ಗಳಲ್ಲಿ ಅದು 30ರ ಹತ್ತಿರ, ಕೆಲವದರಲ್ಲಿ ಇನ್ನೂ ಕಡಿಮೆ. ಅಂದರೆ ಹೊಸ ಏಳರ ಮೈಯಲ್ಲಿ ಹಳೆಯ ಐದೋ ಆರೋ ಕೂತಿದೆ. ಅಂಗಡಿಯಲ್ಲಿ ಹತ್ತು ಹದಿನೈದು ಗಜ ಹೆಚ್ಚು ಹೋದ ಚೆಂಡನ್ನು ನೋಡಿ ಹಿಗ್ಗುವವರು ಇದನ್ನು ನೆನಪಿಡಬೇಕು. ಡ್ರೈವರಿನ ತಲೆ 460 ಘನ ಸೆಂ.ಮೀ.ವರೆಗೆ ಬೆಳೆದಿದೆ, ಮಧ್ಯದಿಂದ ಸ್ವಲ್ಪ ಆಚೀಚೆ ತಗುಲಿದರೂ ಕ್ಷಮಿಸುತ್ತದೆ. ಉದ್ದದ ಐರನ್‌ಗಳ ಜಾಗಕ್ಕೆ ಹೈಬ್ರಿಡ್ ಬಂದಿದೆ. ಎರಡನೇ ಅಥವಾ ಮೂರನೇ ನಂಬರಿನ ಐರನ್ನನ್ನು ಐವತ್ತರ ನಂತರ ಬ್ಯಾಗಿನಲ್ಲಿ ಹೊರುವುದು ಶೋಕಿಯಷ್ಟೇ.

ಹಾಗಂತ ಮೊದಲ ವಾರವೇ ಹೊಸ ಸೆಟ್ ಕೊಳ್ಳುವುದೂ ಬೇಡ. ಗ್ರಿಪ್ ಬದಲಿಸಿಕೊಳ್ಳಿ, ಶೂ ತಗೊಳ್ಳಿ. ಈಗಿನ ಸ್ವಿಂಗ್ ಎಂಥದ್ದೆಂದು ತಿಳಿಯುವ ಮೊದಲೇ ಅದಕ್ಕೆ ಕ್ಲಬ್ ಹೊಂದಿಸುವುದಾದರೂ ಹೇಗೆ?

ಚಿಪ್ ಮರೆತ ಚಾಂಪಿಯನ್

ಮರಳುವ ಕಷ್ಟ ದೊಡ್ಡವರನ್ನೂ ಬಿಟ್ಟಿಲ್ಲ. 2015ರ ಆರಂಭದಲ್ಲಿ ಫೀನಿಕ್ಸ್ ಟೂರ್ನಿಯಲ್ಲಿ ಟೈಗರ್ ವುಡ್ಸ್ ಒಂದು ಸುತ್ತಿಗೆ 82 ಹೊಡೆದರು. ವೃತ್ತಿಪರನಾದ ಮೇಲೆ ಆವರೆಗಿನ ಅವರ ಅತಿ ಕೆಟ್ಟ ಸ್ಕೋರು. ಜಗತ್ತನ್ನು ದಂಗುಬಡಿಸಿದ್ದು ಆ ಸಂಖ್ಯೆಗಿಂತ ಹೆಚ್ಚಾಗಿ ಅವರ ಚಿಪ್‌ಗಳು. ಗ್ರೀನ್ ಪಕ್ಕದಿಂದ ಮೆಲ್ಲನೆ ಎತ್ತಿಹಾಕಬೇಕಾದ ಚೆಂಡನ್ನು ಕೆಲವೊಮ್ಮೆ ನೆಲ ಅಗೆದು ಅಲ್ಲೇ ಬಿಡುತ್ತಿದ್ದರು, ಕೆಲವೊಮ್ಮೆ ಗ್ರೀನ್ ದಾಟಿಸಿ ಓಡಿಸುತ್ತಿದ್ದರು. ಆಗಲೇ 14 ಮೇಜರ್ ಗೆದ್ದಿದ್ದ ಕೈ ಅದು.

ಆಮೇಲೆ ಬೆನ್ನಿನ ಶಸ್ತ್ರಚಿಕಿತ್ಸೆಗಳು. 2017ರ ಏಪ್ರಿಲ್‌ನಲ್ಲಿ ನಾಲ್ಕನೆಯದು, ಬೆನ್ನುಹುರಿಯ ಕೆಳಗಿನ ಎರಡು ಮೂಳೆಗಳನ್ನು ಬೆಸೆಯುವಂಥದ್ದು. ಆ ವರ್ಷ ಒಂದು ಹಂತದಲ್ಲಿ ಅವರ ವಿಶ್ವ ರ್‍ಯಾಂಕಿಂಗ್ 1199ಕ್ಕೆ ಇಳಿದಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಟೂರ್ ಚಾಂಪಿಯನ್‌ಷಿಪ್, 2019ರ ಏಪ್ರಿಲ್‌ನಲ್ಲಿ 43ನೇ ವಯಸ್ಸಿಗೆ ಮಾಸ್ಟರ್ಸ್ ಗೆದ್ದರು. ಹಿಂದಿನ ಮೇಜರ್ ಗೆಲುವಿಗೂ ಇದಕ್ಕೂ ನಡುವೆ ಸುಮಾರು ಹನ್ನೊಂದು ವರ್ಷ. ಹಿಂದಿರುಗಿದ ಟೈಗರ್ ಹಳೆಯ ಟೈಗರ್ ಆಗಿರಲಿಲ್ಲ. ಬೆಸೆದ ಬೆನ್ನು ತಾಳುವಷ್ಟೇ ಬೀಸಿ, ಗ್ರೀನ್ ಮೇಲೆ ಎಲ್ಲಿ ಚೆಂಡು ಬಿದ್ದರೆ ಕ್ಷೇಮ ಎಂದು ಲೆಕ್ಕ ಹಾಕಿ ಆಡುವ ಆಟಗಾರನಾಗಿದ್ದರು.

ಬೆನ್ ಹೊಗನ್ ಕಥೆ ಇನ್ನೂ ಹಿಂದಿನದು. 1949ರ ಫೆಬ್ರುವರಿಯಲ್ಲಿ ಟೆಕ್ಸಾಸಿನ ಮಂಜು ಮುಸುಕಿದ ರಸ್ತೆಯಲ್ಲಿ ಅವರ ಕಾರಿಗೆ ಬಸ್ಸೊಂದು ಎದುರಿನಿಂದ ಗುದ್ದಿತು. ಹೆಂಡತಿಯನ್ನು ಉಳಿಸಲು ಅಡ್ಡ ಬಿದ್ದಿದ್ದರಿಂದ ಇಬ್ಬರೂ ಬದುಕಿದರು. ಸೊಂಟ, ಕೊರಳೆಲುಬು, ಕಣಕಾಲು ಮುರಿದವು. ನಡೆಯುವುದೇ ಅನುಮಾನ ಎಂದರು ವೈದ್ಯರು. ಹದಿನಾರು ತಿಂಗಳ ನಂತರ ಕಾಲಿಗೆ ಪಟ್ಟಿ ಸುತ್ತಿಕೊಂಡು ಮೆರಿಯನ್‌ನಲ್ಲಿ ಯುಎಸ್ ಓಪನ್ ಗೆದ್ದರು. ನಮ್ಮಂಥವರಿಗೆ ಮುಖ್ಯವಾದದ್ದು ಆಮೇಲಿನ ಮಾತು. ಕಾಲು ತಾಳದು ಎಂದು ಗೊತ್ತಾದ ಹೊಗನ್ ಟೂರ್ನಿಗಳನ್ನು ಕಡಿಮೆ ಮಾಡಿಕೊಂಡರು. 1953ರಲ್ಲಿ ಆಡಿದ್ದು ಆರೇ ಟೂರ್ನಿ, ಗೆದ್ದದ್ದು ಐದು; ಅದರಲ್ಲಿ ಮೂರು ಮೇಜರ್.

ಇನ್ನೊಂದು ಉದಾಹರಣೆಯಲ್ಲಿ ಅಪಘಾತವಿಲ್ಲ, ಉದ್ದನೆಯ ಬಿಡುವು. ಅಮೆರಿಕದ ಆಂಥನಿ ಕಿಮ್ 2012ರಲ್ಲಿ ಗಾಯಗೊಂಡು ಕಣ್ಮರೆಯಾದವರು 2024ರ ಮಾರ್ಚ್‌ನಲ್ಲಿ ಜೆಡ್ಡಾದ ಟೂರ್ನಿಯೊಂದರಲ್ಲಿ ಮತ್ತೆ ಕಾಣಿಸಿಕೊಂಡರು. ಮೂರು ಸುತ್ತಿನ ಮೊತ್ತ ಪಾರ್‌ಗಿಂತ 16 ಹೆಚ್ಚು, ಪಟ್ಟಿಯಲ್ಲಿ ಕೊನೆಯ ಹೆಸರು. ಒಂದು ಕಾಲಕ್ಕೆ ರೈಡರ್ ಕಪ್ ಆಡಿದ್ದ ಪ್ರತಿಭೆಗೆ ಹನ್ನೆರಡು ವರ್ಷ ಹೀಗೆ ಮಾಡಿದರೆ, ಭಾನುವಾರದ ಫೋರ್‌ಬಾಲ್ ಗೆಳೆಯರು ತಮ್ಮ ಮೇಲೆ ಇಷ್ಟು ಸಿಟ್ಟಾಗಬೇಕಿಲ್ಲ.

ಹೈಗ್ರೌಂಡ್ಸ್‌ನಿಂದ ಟೋಕಿಯೊಗೆ

ಈ ಆಟ ನಮ್ಮೂರಿಗೆ ಹೊಸದೇನಲ್ಲ. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ; 2026ಕ್ಕೆ ಅದರ ವಯಸ್ಸು 150. ಮಡಿಕೇರಿಯ ಡೌನ್ಸ್‌ನಲ್ಲಿ, ಕಾಫಿ ನಾಡಿನ ಬಿಟ್ಟಂಗಾಲದಲ್ಲಿ, ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಮೈದಾನಗಳಿವೆ. ಬೆಂಗಳೂರಿನ ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ಇರುವುದು ಒಂದು ಕಾಲದ ಕೆರೆಯ ಜಾಗದಲ್ಲಿ. ಹಸಿರು ನೋಡಿ ಖುಷಿಪಡುವಾಗ ಅದನ್ನೂ ನೆನೆಯುವುದು ನ್ಯಾಯ.

ಅದೇ ಮೈದಾನದಲ್ಲಿ ಐದಾರು ವರ್ಷದವಳಿದ್ದಾಗ ಕ್ಲಬ್ ಹಿಡಿದ ಅದಿತಿ ಅಶೋಕ್ 2021ರ ಆಗಸ್ಟ್ 7ರ ಬೆಳಿಗ್ಗೆ ಇಡೀ ದೇಶವನ್ನು ಗಾಲ್ಫ್ ಮುಂದೆ ಕೂರಿಸಿದರು. ಬರ್ಡಿ ಎಂದರೇನು ಎಂದು ಅಡುಗೆಮನೆಯಿಂದ ಕೂಗಿ ಕೇಳುತ್ತಾ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು ನೋಡಿದವರು ಎಷ್ಟೋ ಮಂದಿ. ಆಗ ವಿಶ್ವ ರ್‍ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ಹುಡುಗಿ, ಕ್ಯಾಡಿಯಾಗಿ ಬ್ಯಾಗು ಹೊತ್ತ ತಾಯಿ. ಕೊನೆಗೆ ನಾಲ್ಕನೇ ಸ್ಥಾನ. ಕಂಚು ತಪ್ಪಿದ್ದು ಒಂದೇ ಹೊಡೆತದಿಂದ. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದಾಗ ಬೆಳಗಿನ ಬೇಸರ ಮರೆತುಹೋಯಿತು.

ಆ ವಾರದ ಒಂದು ಸಂಗತಿ ಮರಳುವವರಿಗೆ ಬೇಕಾದದ್ದು. ಕೆಲವು ತಿಂಗಳ ಹಿಂದಷ್ಟೇ ಕೋವಿಡ್ ಬಂದು ಅದಿತಿಯ ಹೊಡೆತದ ದೂರ ಇನ್ನಷ್ಟು ಕುಗ್ಗಿತ್ತು. ಎದುರಾಳಿಗಳು ಅವರಿಗಿಂತ ಎಷ್ಟೋ ಗಜ ಮುಂದೆ ಚೆಂಡು ಇಳಿಸುತ್ತಿದ್ದರು. ಕಳೆದುಕೊಂಡ ದೂರವನ್ನು ಬಲವಂತದಿಂದ ಎಳೆದು ತರಲು ಅವರು ಹೋಗಲಿಲ್ಲ. ಇರುವ ದೂರದಲ್ಲೇ ಆಡಿ, ಉಳಿದದ್ದನ್ನು ಪಟರ್‌ಗೆ ಬಿಟ್ಟರು.

ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರುಮಾಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದು ಇಂದಿಗೂ ಕ್ಯಾಡಿಗಳು ಎದೆಯುಬ್ಬಿಸಿ ಹೇಳುವ ಕಥೆ. ಬೇರೆಯವರ ಬ್ಯಾಗು ಹೊತ್ತು ಬೆಳೆದವರಿಗೆ ಮೈದಾನದ ಪ್ರತಿ ಇಳಿಜಾರೂ ಗೊತ್ತು. ಮರಳಿದವರು ದುಬಾರಿ ಡ್ರೈವರ್‌ಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪವನ್ನು ಒಬ್ಬ ಒಳ್ಳೆಯ ಕ್ಯಾಡಿಗೆ ಕೊಟ್ಟು, ಅವನ ಮಾತು ಕೇಳಿದರೆ ಸ್ಕೋರು ಬೇಗ ಇಳಿಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗಾಲ್ಫ್ ಉಳ್ಳವರ ಆಟ ಎಂಬ ಮಾತು ಸುಳ್ಳೇನಲ್ಲ. ದೊಡ್ಡ ಕ್ಲಬ್‌ಗಳ ಸದಸ್ಯತ್ವ ದುಡ್ಡಿದ್ದರೂ ಕೂಡಲೇ ಸಿಗುವಂಥದ್ದಲ್ಲ. ಆದರೆ ಬಕೆಟ್ ಲೆಕ್ಕದಲ್ಲಿ ಚೆಂಡು ಕೊಡುವ ರೇಂಜ್‌ಗಳು, ಪರದೆಗೆ ಹೊಡೆಯುವ ಸಿಮ್ಯುಲೇಟರ್‌ಗಳು ಬಂದ ಮೇಲೆ ಮರಳುವ ಬಾಗಿಲು ಸ್ವಲ್ಪ ಅಗಲವಾಗಿದೆ. ಇದರಿಂದ ಹೆಚ್ಚು ಅನುಕೂಲ ಹೆಂಗಸರಿಗೆ ಆಗಬೇಕು. ಹೆರಿಗೆ, ಮಕ್ಕಳು, ಅತ್ತೆ ಮಾವನ ಆರೈಕೆ ಎಂದು ಮೊದಲು ಬ್ಯಾಗು ಅಟ್ಟಕ್ಕೆ ಏರುವುದು ಅವರದೇ ತಾನೆ?

ನೂರರಿಂದ ತೊಂಬತ್ತಕ್ಕೆ

ಈಗ ಸುಧಾರಣೆಯ ಮಾತು. ಡ್ರೈವರ್ ತೋರಿಕೆಗೆ, ಪಟರ್ ಗಳಿಕೆಗೆ ಎಂಬ ಹಳೆಯ ನಂಬಿಕೆಯೊಂದು ಗಾಲ್ಫ್ ಲೋಕದಲ್ಲಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ಲಕ್ಷಗಟ್ಟಲೆ ಹೊಡೆತಗಳ ದಾಖಲೆ ಹಿಡಿದು ಅದನ್ನು ಪರೀಕ್ಷೆಗೆ ಒಡ್ಡಿದರು. ಪಿಜಿಎ ಟೂರ್‌ನ ಅಗ್ರ ಆಟಗಾರರು ಉಳಿದವರಿಗಿಂತ ಗಳಿಸುವ ಮುನ್ನಡೆಯಲ್ಲಿ ಗ್ರೀನ್ ಕಡೆಗೆ ಹೊಡೆಯುವ ಅಪ್ರೋಚ್ ಹೊಡೆತಗಳ ಪಾಲು ಸುಮಾರು ಶೇ 40, ಡ್ರೈವಿಂಗ್ ಶೇ 28. ಪಟಿಂಗ್ ಪಾಲು ಕೇವಲ ಶೇ 15. ಹವ್ಯಾಸಿಗಳ ನಡುವಿನ ವ್ಯತ್ಯಾಸದಲ್ಲೂ ದೂರದ ಹೊಡೆತಗಳದೇ ದೊಡ್ಡ ಪಾಲು. ಅದಿತಿಯ ಪಟರ್ ಅಪರೂಪದ್ದು; ಅದನ್ನೇ ನಿಯಮ ಮಾಡಿಕೊಳ್ಳಲಾಗದು.

ಹಾಗಾದರೆ ಬಕೆಟ್ ಮೇಲೆ ಬಕೆಟ್ ಏಳನೇ ಐರನ್ ಹೊಡೆಯೋಣವೇ? ಬೇಡ. ಜಾನ್ ಶೇ ಮತ್ತು ರಾಬಿನ್ ಮಾರ್ಗನ್ 1979ರಲ್ಲಿ ಒಂದು ಪ್ರಯೋಗ ಮಾಡಿದರು. ಕೈಚಳಕದ ಮೂರು ಕೆಲಸಗಳನ್ನು ಒಂದು ಗುಂಪು ಒಂದಾದ ಮೇಲೆ ಒಂದರಂತೆ ಅಭ್ಯಾಸ ಮಾಡಿತು, ಇನ್ನೊಂದು ಗುಂಪು ಮೂರನ್ನೂ ಕಲಸಿಕೊಂಡು ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚುರುಕು. ಕೆಲವು ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಕಲಸಿ ಕಲಿತವರೇ ಮುಂದೆ. ಮೂವತ್ತನೇ ಚೆಂಡಿಗೆ ಕೈ ಕೂತು ರೇಂಜಿನಲ್ಲಿ ರಾಜನಾದವನು ಮೈದಾನದ ಮೊದಲ ಟೀಯಲ್ಲಿ ಭಿಕಾರಿಯಾಗುವ ಗುಟ್ಟು ಇದು. ಮೈದಾನದಲ್ಲಿ ಒಂದೇ ಕ್ಲಬ್ಬನ್ನು ಒಂದೇ ಜಾಗದಿಂದ ಮೂವತ್ತು ಸಲ ಹೊಡೆಯಲು ಯಾರೂ ಬಿಡುವುದಿಲ್ಲ.

ಆದ್ದರಿಂದ ರೇಂಜಿನಲ್ಲೇ ಒಂದು ಸುತ್ತು ಆಡಿ. ಮನಸ್ಸಿನಲ್ಲಿ ನಿಮ್ಮ ಮೈದಾನದ ಮೊದಲ ಹೋಲ್ ಇಟ್ಟುಕೊಂಡು ಡ್ರೈವರ್ ಹೊಡೆಯಿರಿ. ಎಲ್ಲಿ ಬಿತ್ತೋ ನೋಡಿ ಅದಕ್ಕೆ ತಕ್ಕ ಐರನ್, ಆಮೇಲೆ ವೆಜ್. ಪ್ರತಿ ಚೆಂಡಿಗೂ ಗುರಿ ಬೇರೆ, ಕ್ಲಬ್ ಬೇರೆ. ಇಪ್ಪತ್ತೈದು ಚೆಂಡು ಹೀಗೆ ಹೊಡೆದರೆ ನೂರು ಚೆಂಡಿಗಿಂತ ಹೆಚ್ಚು ದಣಿವು, ಹೆಚ್ಚು ಲಾಭ. ಜೊತೆಗೆ ಪ್ರತಿ ಕ್ಲಬ್ಬಿನಲ್ಲಿ ಈಗ ಚೆಂಡು ಎಷ್ಟು ಗಜ ಹೋಗುತ್ತದೆ ಎಂದು ಬರೆದಿಡಿ. ಈಗ. ಮೂವತ್ತೈದರ ವಯಸ್ಸಿನಲ್ಲಿ ಹೋಗುತ್ತಿದ್ದದ್ದಲ್ಲ. ಮರಳಿದವರ ಎಷ್ಟೋ ಚೆಂಡು ಗ್ರೀನ್‌ಗೆ ಮೊದಲೇ ಬಂಕರಿಗೆ ಬೀಳುವುದು ಸ್ವಿಂಗ್ ಕೆಟ್ಟು ಅಲ್ಲ, ಹಳೆಯ ದೂರವನ್ನು ನಂಬಿ.

ಇನ್ನು ಲೆಕ್ಕ. ಪಾರ್ 72ರ ಮೈದಾನದಲ್ಲಿ ಹದಿನೆಂಟು ಹೋಲ್‌ಗೂ ಬೋಗಿ ಮಾಡಿದರೆ ಸ್ಕೋರು 90. ನೂರರ ಸುತ್ತ ಸುತ್ತುತ್ತಿರುವವರಿಗೆ ಬರ್ಡಿ ಬೇಕಿಲ್ಲ, ಏಳು ಎಂಟು ಹೊಡೆತ ನುಂಗುವ ಹೋಲ್‌ಗಳು ತಪ್ಪಬೇಕು. ಮರದ ಹಿಂದೆ ಸಿಕ್ಕಿಕೊಂಡಾಗ ಕೊಂಬೆಗಳ ನಡುವಿನ ಕಿಂಡಿ ಹುಡುಕದೆ ಪಕ್ಕಕ್ಕೆ ಫೇರ್‌ವೇಗೆ ತಳ್ಳುವವನೇ ಜಾಣ. ಇದಕ್ಕೆ ಕೋಚ್ ಬೇಡ, ಸ್ವಲ್ಪ ನಾಚಿಕೆ ಬಿಡಬೇಕು ಅಷ್ಟೆ.

ಒಬ್ಬ ಕೋಚ್ ಬೇಕು ಅನ್ನುವುದಾದರೆ ಒಬ್ಬರೇ ಇರಲಿ. ಮೂರು ತಿಂಗಳು ಯೂಟ್ಯೂಬ್ ಮುಚ್ಚಿ.

ಬಾಕ್ಸ್: ಬೆನ್ನು, ಮೊಣಕೈ, ಆಯಸ್ಸು

*ಹವ್ಯಾಸಿ ಗಾಲ್ಫಿಗರನ್ನು ಹೆಚ್ಚು ಕಾಡುವುದು ಸೊಂಟದ ಮೇಲಿನ ಬೆನ್ನು ಮತ್ತು ಮೊಣಕೈ. ಸೊಂಟದ ಕೀಲು ಸರಿಯಾಗಿ ತಿರುಗದಿದ್ದರೆ ಆ ಹೊರೆ ಬೆನ್ನಿಗೆ ಬೀಳುತ್ತದೆ. ಸಿಮೆಂಟಿನ ಮೇಲೆ ಹಾಸಿದ ಪ್ಲಾಸ್ಟಿಕ್ ಹುಲ್ಲಿನಲ್ಲಿ ದಿನವೂ ನೂರು ಚೆಂಡು ಹೊಡೆದರೆ ಮೊಣಕೈ ಬೇಗ ದೂರು ಹೇಳುತ್ತದೆ. ಚೆಂಡು ಮುಟ್ಟುವ ಮೊದಲು ಹತ್ತು ನಿಮಿಷ ನಡೆದು, ಸೊಂಟ ಭುಜ ಸಡಿಲಿಸಿಕೊಳ್ಳಿ. ಹಳೆಯ ಬೆನ್ನುನೋವಿದ್ದವರು ಮೊದಲು ವೈದ್ಯರನ್ನು ಕಾಣಿ. ನಡೆದೇ ಆಡಿದರೆ ಹದಿನೆಂಟು ಹೋಲ್‌ಗೆ 8ರಿಂದ 10 ಕಿ.ಮೀ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು 3 ಲಕ್ಷ ಗಾಲ್ಫಿಗರ ದಾಖಲೆ ನೋಡಿ 2008ರಲ್ಲಿ ಪ್ರಕಟಿಸಿದಂತೆ, ಅದೇ ವಯಸ್ಸು, ಅದೇ ಅಂತಸ್ತಿನ ಇತರರಿಗಿಂತ ಗಾಲ್ಫಿಗರ ಸಾವಿನ ಪ್ರಮಾಣ ಶೇ 40ರಷ್ಟು ಕಡಿಮೆ. ಆಟದಿಂದ ಆರೋಗ್ಯವೋ, ಆರೋಗ್ಯ ಇದ್ದವರೇ ಆಡುತ್ತಾರೋ ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ.*

ಮೂರು ಕಾರ್ಡು

ಮರಳಿದವರಲ್ಲಿ ಅನೇಕರು ಕಾರ್ಡ್ ತುಂಬುವುದನ್ನು ಮುಂದೂಡುತ್ತಾರೆ. ಆಟ ಸ್ವಲ್ಪ ಕುದುರಲಿ, ಆಮೇಲೆ ಹ್ಯಾಂಡಿಕ್ಯಾಪ್ ಮಾಡಿಸೋಣ ಎಂಬ ಯೋಚನೆ. ಇನ್ನು ಕೆಲವರು ಹತ್ತು ವರ್ಷ ಹಿಂದಿನ ಹದಿನಾಲ್ಕನ್ನೇ ಇವತ್ತಿಗೂ ಹೇಳಿಕೊಂಡು, ಪ್ರತಿ ವಾರ ಗೆಳೆಯರಿಗೆ ಕಾಫಿ ಕೊಡಿಸುತ್ತಾರೆ.

2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಮರಳುವವರ ಪರವಾಗಿಯೇ ಇದೆ. ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಸರಾಸರಿ ಮಾತ್ರ ಲೆಕ್ಕಕ್ಕೆ. ಒಂದು ಹೋಲ್ ಪೂರ್ತಿ ಕೆಟ್ಟರೂ ನಿಮ್ಮ ಮಟ್ಟಕ್ಕೆ ತಕ್ಕಂತೆ ಅದಕ್ಕೊಂದು ಮಿತಿ ಇದೆ. ಅದರಾಚೆಗಿನ ಹೊಡೆತ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಸೇರುವುದಿಲ್ಲ. ಗಂಡಸು ಹೆಂಗಸು ಇಬ್ಬರಿಗೂ ಗರಿಷ್ಠ ಹ್ಯಾಂಡಿಕ್ಯಾಪ್ ಸೂಚ್ಯಂಕ 54. ಹೊಸದಾಗಿ ಶುರುಮಾಡಲು ಬೇಕಿರುವುದು 54 ಹೋಲ್‌ಗಳ ಸ್ಕೋರು, ಅಂದರೆ ಹದಿನೆಂಟರ ಮೂರು ಸುತ್ತು.

ಆ ಮೂರು ಕಾರ್ಡನ್ನು ಈ ಚಳಿಗಾಲ ಮುಗಿಯುವುದರೊಳಗೆ ಕೊಟ್ಟುಬಿಡಿ. ಎಂಟು ಹೊಡೆದಲ್ಲಿ ಎಂಟು ಎಂದೇ ಬರೆಯಿರಿ.